ಕೆಂಪು ದಾರದ ಹಕ್ಕಿಗಳು

"ಕಣ್ಣೇನು ಕುಂಡೀಲಿ ಇಟ್ಕೊಂಡಿದ್ದೀಯೇನೇ? ನಾವಿಟ್ಟಿದ್ದು ನಾಲ್ಕು, ನೀನು ತಂದಿದ್ದು ಮೂರು!"

ಸಮೀಕ್ಷೆಯ ಸಾಹೇಬ ಸತ್ತ ಹಕ್ಕಿಯೊಂದನ್ನು ಪೆನ್ನಿನ ತುದಿಯಿಂದ ಹೊರಳಿಸಿದ. ಕೊಕ್ಕರೆ ತಲೆ ತಗ್ಗಿಸಿ ನಿಂತಿದ್ದಳು. ಉದ್ದ ಕಾಲಿನ ಹೆಂಗಸು, ದಿನವಿಡೀ ದಡದಲ್ಲಿ ಬಗ್ಗಿ ನಡೆಯುವವಳು. ಊರು ಅವಳ ನಿಜವಾದ ಹೆಸರು ಮರೆತು ಯಾವ ಕಾಲವಾಯಿತೋ. ಸಮುದ್ರದಲ್ಲಿ ನೆಟ್ಟ ಗಾಳಿಯಂತ್ರಗಳಿಗೆ ಬಡಿದು ದಡ ಸೇರಿದ ಹಕ್ಕಿಗಳನ್ನು ಆಯ್ದು ತರುವುದು ಅವಳ ಕೆಲಸ. ಅವಳ ಕಣ್ಣು ಚುರುಕಾಗಿದೆಯೇ ಎಂದು ನೋಡಲು ಕಚೇರಿಯವರೇ ಆಗಾಗ ಐಸ್ ಪೆಟ್ಟಿಗೆಯ ಸತ್ತ ಹಕ್ಕಿಗಳ ಕಾಲಿಗೆ ಕೆಂಪು ದಾರ ಕಟ್ಟಿ ಮರಳಿನಲ್ಲಿ ಎಸೆಯುತ್ತಿದ್ದರು. ದಾರದ ಹಕ್ಕಿ ಲೆಕ್ಕಕ್ಕಿಲ್ಲ.

ದಾರವಿಲ್ಲದವು ವರ್ಷಕ್ಕೆ ನೂರು ದಾಟಿದರೆ ಯಂತ್ರಗಳ ಎರಡನೇ ಸಾಲಿಗೆ ಒಪ್ಪಿಗೆಯಿಲ್ಲ. ಸಾಲು ಬಂತೋ, ಅವಳ ಗಂಡ ಬಲೆ ಬೀಸುವ ಕೊನೆಯ ನೀರೂ ಹೋಯಿತು. ಈವರೆಗೆ ತೊಂಬತ್ತೊಂಬತ್ತು.

ಅಂದು ಬೆಳಿಗ್ಗೆ ಇನ್ನೂ ಮೂರು ಸಿಕ್ಕಿದ್ದವು. ಒಂದು, ಮುರಿದ ರೆಕ್ಕೆ ಎಳೆದುಕೊಂಡು ಬಂದು ಅವಳ ಕೈಯಲ್ಲೇ ಪ್ರಾಣ ಬಿಟ್ಟಿತ್ತು. ಅವನ್ನು ಕಚೇರಿಯ ಬಾಗಿಲಲ್ಲಿಟ್ಟು ನಲ್ಲಿಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಮೂರರ ಕಾಲಿಗೂ ಕೆಂಪು ದಾರ!

"ಸಾರ್, ಇವಕ್ಕೆ ದಾರ ಇರ್ಲಿಲ್ಲ."

"ಇತ್ತು. ನಿನಗೆ ಕಾಣ್ಲಿಲ್ಲ."

"ಇದು ನನ್ನ ಕೈಯಲ್ಲೇ ಸತ್ತಿದ್ದು ಸಾರ್. ಎದೆ ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ."

"ನನಗೇ ಪಾಠ ಹೇಳ್ತೀಯಾ ಮುಂಡೆ? ಈ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಮನೆಯಲ್ಲಿ ಬಲೆ ಹೆಣೆಯುತ್ತಿದ್ದ ಗಂಡ ಅವಳ ಹೆಬ್ಬೆಟ್ಟಿನ ಮಸಿ ನೋಡಿದ. "ಒತ್ತಿ ಬಂದ್ಯಾ?"

"ಒತ್ತದಿದ್ರೆ ನಾಳೆ ಒಲೆ ಹಚ್ಚೋದು ಹೇಗೆ?"

"ಒತ್ತಿದ್ದೀಯಲ್ಲ, ನಾಡಿದ್ದು ಹೇಗೆ ಹಚ್ತೀಯ?"

ಅವಳು ಹಿತ್ತಲಿಗೆ ಹೋದಳು. ಹೆಬ್ಬೆಟ್ಟಿನ ಮಸಿಯನ್ನು ಮರಳು ಹಾಕಿ ಎಷ್ಟು ತಿಕ್ಕಿದರೂ ಹೋಗಲೊಲ್ಲದು. ತನ್ನ ಕೈಯ ಮೇಲೇ ಅವಳಿಗೆ ಹೇಸಿಗೆಯಾಯಿತು.

ಮರುದಿನ ಶಾಲೆಯ ಕೋಣೆಯಲ್ಲಿ ಊರೆಲ್ಲ ಸೇರಿತ್ತು. ಒಪ್ಪಿಗೆ ಕೊಡುವ ದೊಡ್ಡ ಅಧಿಕಾರಿಯ ಮುಂದೆ ಸಾಹೇಬ ಮೇಜಿನ ಮೇಲೆ ವರದಿ ಬಿಚ್ಚಿದ.

"ತೊಂಬತ್ತೊಂಬತ್ತೇ ಸಾರ್. ಆಯ್ದವಳೇ ಹೆಬ್ಬೆಟ್ಟು ಒತ್ತಿದ್ದಾಳೆ."

ಕೊಕ್ಕರೆ ಎದ್ದು ಬಂದವಳೇ ಕೆಸರು ಮೆತ್ತಿದ ಕಾಲನ್ನು ಎತ್ತಿ ಆ ವರದಿಯ ಮೇಲಿಟ್ಟಳು. ಕಣಕಾಲಿಗೆ ಕೆಂಪು ದಾರ ಬಿಗಿದಿತ್ತು. ಬೆಳಿಗ್ಗೆ ಸಾಹೇಬನ ಮೇಜಿನಿಂದ ದಾರದ ಇಡೀ ಉಂಡೆಯನ್ನೇ ಎತ್ತಿಕೊಂಡು ಬಂದು ಗಂಡನ ಕೈಗಿಟ್ಟಿದ್ದಳು.

"ನನ್ನ ಕೈಯಲ್ಲಿ ಸತ್ತ ಹಕ್ಕೀನ ತಾನಿಟ್ಟಿದ್ದು ಅಂತಾನೆ ಈ ಸೂಳೆಮಗ. ಭಯಕ್ಕೆ ಒತ್ತಿದೆ, ನನ್ನದೂ ತಪ್ಪೇ. ಈಗ ನನ್ನ ಕಾಲಿಗೂ ದಾರ ಇದೆ, ನೋಡಿ. ನಾವು ಸತ್ರೂ ಲೆಕ್ಕಕ್ಕಿಲ್ಲ ತಾನೆ? ಅದನ್ನೂ ಬರ್ಕೊಳ್ಳಿ!"

"ಹೊರಗೆ ಎಳೀರೋ ಇವಳನ್ನ!" ಸಾಹೇಬ ಕೂಗಿದ.

ಇಬ್ಬರು ಜವಾನರು ರಟ್ಟೆ ಹಿಡಿದರು. ಅವಳು ಕಾಲು ಕೀಳಲಿಲ್ಲ. ಹಿಂದಿನ ಬೆಂಚಿನಲ್ಲಿ ಅವಳ ಗಂಡ ತನ್ನ ಕಾಲಿಗೆ ದಾರ ಕಟ್ಟಿ, ಗಂಟನ್ನು ಬೆರಳಿನಿಂದ ಎಳೆದು ಬಿಗಿದು, ಉಂಡೆಯನ್ನು ಪಕ್ಕದವನ ಕೈಗೆ ದಾಟಿಸಿದ.