ನೂರ ಹನ್ನೆರಡನೇ ಪುಟ

ಅಪ್ಪನಿಗೆ ಕೊನೆಯ ಸ್ನಾನ ಮಾಡಿಸಲು ಹಿತ್ತಲಲ್ಲಿ ನೀರು ಕಾಯುತ್ತಿರುವಾಗಲೇ ಭಾನುಪ್ರಿಯಾ ಮುಂದಿನ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದಳು. ನಡುಮನೆಯ ಹೆಂಗಸರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣದ ತಲೆದೆಸೆಯಲ್ಲಿ ಕೂತಿದ್ದ ಅಜ್ಜಿ ಮಾದಮ್ಮ ಮಾತ್ರ ಮಗನ ಮುಖದ ಮೇಲಿನ ನೊಣ ಓಡಿಸುತ್ತಲೇ ಇದ್ದಳು.

ಬೇರೆ ದಾರಿ ಇರಲಿಲ್ಲ. ಸಿದ್ದೇಶ್ವರ ಮೇಷ್ಟ್ರು ಬರೆದ ಕೊಣನೂರು ಸೀಮೆಯ ಚರಿತ್ರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಹಾಸನದ ಪ್ರೆಸ್ಸಿಗೆ ಹೋಗಬೇಕಿತ್ತು. ಭಾನುವಾರ ಬಿಡುಗಡೆ. ಹಾರ ಹಿಡಿದು ಬಂದ ಮೇಷ್ಟ್ರು ಹೆಣಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು, ಮೆಲ್ಲಗೆ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಒಳ್ಳೆಯ ಮನುಷ್ಯರೇ, ಆದರೆ ಪುಸ್ತಕವೆಂದರೆ ಸಾವಿನ ಮನೆಯೂ ಕಾಣದು.

"ಆ ಹತ್ತು ಹೆಸರು ತೆಗೆದಿದ್ರೇನಮ್ಮ ನಿಮ್ಮಪ್ಪ?"

ಪುಸ್ತಕದ ಕೊನೆಯ ಹೆಸರುಪಟ್ಟಿ ತೆರೆದಳು. ತೆಗೆದಿರಲಿಲ್ಲ.

*

ಹೋದ ವಾರದ ಜಗಳ ಅದು. ನೂರ ಹನ್ನೆರಡನೇ ಪುಟದಲ್ಲಿ ಹಳೆಯದೊಂದು ಫೋಟೊ, ಬಾಂಡ್ಲಿ ಹೊತ್ತ ಆಳುಗಳು. ಕೆಳಗೆ 'ನಾಲೆ ತೋಡುತ್ತಿರುವ ಕೂಲಿಗಳು' ಎಂದಷ್ಟೇ ಇತ್ತು. ಮೂವತ್ತು ವರ್ಷ ಮದುವೆ ಕಾರ್ಡು, ಕರಪತ್ರ, ಕಂಡವರ ಪುಸ್ತಕ ಡಿಟಿಪಿ ಮಾಡಿದ ಅವಳಪ್ಪ ಶಾಂತರಾಜು ಯಾರ ಬರಹದಲ್ಲೂ ಒಂದು ಕೊಂಬು ಹೆಚ್ಚಿಸಿದವನಲ್ಲ. ಈ ಫೋಟೊ ಹಿಡಿದು ಮಾತ್ರ ಸಂತೆಯ ದಿನ ಇವರು ಯಾರ್ಯಾರೆಂದು ಮುದುಕರನ್ನೆಲ್ಲ ಕೇಳಿ ಬಂದ. ಕಂಪ್ಯೂಟರಿನಲ್ಲಿ ಆ ಪುಟದ ಮೇಲೆ, ಅಚ್ಚಿನಲ್ಲಿ ಕಾಣದಂತೆ, ಒಂದು ಗುರುತಿಟ್ಟು ಹೆಸರು ಬರೆದರೆ ಸಾಕು. ಕೊನೆಯ ಪಟ್ಟಿಯಲ್ಲಿ ಆ ಹೆಸರೂ ಪುಟಸಂಖ್ಯೆಯೂ ತಾವಾಗಿ ಬಂದು ಕೂರುತ್ತವೆ. ಹಾಗೆ ಗೊತ್ತಾದ ಹತ್ತು ಹೆಸರಿಗೂ ಗುರುತಿಟ್ಟ.

ಮೇಷ್ಟ್ರು ರೇಗಿದರು. ಸಂತೆಯಲ್ಲಿ ಕೇಳಿದ್ದಕ್ಕೆ ಆಧಾರವೇನು, ಪುಟದಲ್ಲೇ ಇಲ್ಲದ ಹೆಸರನ್ನು ಪಟ್ಟಿಯಲ್ಲಿ ಕಂಡರೆ ಓದಿದವರು ನಗುವುದಿಲ್ಲವೇ ಎಂದರು.

"ಎಸ್ರಿಲ್ಲ, ನಿಜ. ಮುಖ ಐತಲ್ಲ ಸಾ," ಎಂದ ಶಾಂತರಾಜು.

ಗಿರಾಕಿಗೆ ಅವನು ಎದುರಾಡಿದ್ದು ಅದೊಂದೇ ಸಲ. ಆಮೇಲೆ ಹೆದರಿ, ತೆಗೀತೀನಿ ಬುಡಿ ಅಂದ. ದಿನಾ ನಾಳೆ ನಾಳೆ ಅನ್ನುತ್ತಲೇ ಇದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಇದೇ ಕುರ್ಚಿಯಿಂದ ಬಿದ್ದ.

*

"ನಿಂಗೂ ಬರುತ್ತಲ್ಲ, ನೀನೇ ತೆಗೆದುಬಿಡಮ್ಮ," ಎಂದರು ಮೇಷ್ಟ್ರು. ಗಂಟೆ ಒಂದೂವರೆ.

ಬರುತ್ತಿತ್ತು, ಅಪ್ಪನೇ ಕಲಿಸಿದ್ದ. ಅಳಿಸಿದರೆ ಅವನು ಓಡಾಡಿ ತಂದದ್ದೆಲ್ಲ ಮಣ್ಣುಪಾಲು. ಉಳಿಸಿದರೆ ಕೊಟ್ಟ ಮಾತಿಗೆ ತಪ್ಪಿದವನೆಂದು ಸತ್ತ ಮೇಲೆ ಕೆಟ್ಟ ಹೆಸರು. ಅವಳು ನೂರ ಹನ್ನೆರಡನೇ ಪುಟ ತೆರೆದಳು.

ನೀರು ಕಾದಿದೆ ಎನ್ನಲು ಬಂದ ಮುದುಕ ಸಣ್ಣಯ್ಯ ಪರದೆ ಕಂಡು ಬಾಗಿದ. ಫೋಟೊದಲ್ಲಿ ಬಲಗಡೆ ಗುದ್ದಲಿ ಹಿಡಿದವನು ಅವನೇ.

"ಈ ಬಾಂಡ್ಲಿಯವ್ಳೇ ನಿಮ್ಮಜ್ಜಿ, ಅವ್ಳ ಬೆನ್ನಾಗೆ ನೋಡವ್ವ," ಎಂದ. "ಸೀರೆ ತುಂಡ್ನಲ್ಲಿ ಕಟ್ಕೊಂಡವ್ಳಲ್ಲ, ಅದೇ ನಿಮ್ಮಪ್ಪ. ಆರು ತಿಂಗ್ಳ ಕೂಸು. ಸಂತೇಲಿ ಕೇಳಕ್ಕೆ ಬಂದಾಗ, ನಿನ್ನ ಎಸ್ರೂ ಬರ್ಕೊಳ್ಳಾ ಅಂದೆ ಅವನ್ಗೆ. ನಂದ್ಯಾಕೆ ಮಾವ, ನಾನೇನು ಮಣ್ಣು ಒತ್ತಿದ್ನಾ ಅಂದ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಭಾನುಪ್ರಿಯಾಗೆ ಅಳು ಉಕ್ಕಿ ಬಂತು. ಅಳುತ್ತಲೇ ಫೋಟೊದ ಕೆಳಗಿನ ಸಾಲಿನಲ್ಲಿ ಹನ್ನೊಂದನೇ ಗುರುತಿಟ್ಟಳು.

"ಅಪ್ಪ ತೆಗೀತೀನಿ ಅಂದಿದ್ದು ನಿಜ ಮೇಷ್ಟ್ರೇ. ನಾನು ಅಂದಿಲ್ಲ."

ಮೇಷ್ಟ್ರ ಕೈ ಮೌಸಿನತ್ತ ಬಂತು, ಮೇಜಿನ ಅಂಚಿನಲ್ಲೇ ನಿಂತಿತು. ಪಟ್ಟಿಯನ್ನು ಹೊಸದಾಗಿ ಮಾಡಿಸಿದಳು. ಸಣ್ಣಯ್ಯನ ಹೆಸರು ಒಂದು ಸಾಲು ಕೆಳಗಿಳಿದು, ಅದರ ಮೇಲೆ 'ಶಾಂತರಾಜು ೧೧೨' ಎಂದು ಬಂತು. ಎರಡಕ್ಕೆ ಹತ್ತು ನಿಮಿಷ ಇರುವಾಗ ಫೈಲು ಹಾಸನಕ್ಕೆ ಹೋಯಿತು.

ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದ ಹೆಣ ಹಿಂದಕ್ಕೆ ವಾಲಿತು. ಹಿಡಿದುಕೊಳ್ಳಿ ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಮಾದಮ್ಮ ಮಗನಿಗೆ ಬೆನ್ನು ಕೊಟ್ಟು ಕೂತು, ಸೀರೆಯ ಸೆರಗನ್ನು ಅವನ ಎದೆಯ ಸುತ್ತ ತಂದು ತನ್ನ ಮುಂದೆ ಗಂಟು ಹಾಕಿಕೊಂಡಳು. ಭಾನುಪ್ರಿಯಾ ಮೊದಲ ಚೊಂಬು ನೀರನ್ನು ಇಬ್ಬರ ಮೇಲೂ ಹೊಯ್ದಳು.