ಚೂಟಿಯ ರಕ್ತದಲ್ಲಿ

ಹಸಿರು, ಅಲ್ಲೊಂದು ಹಸಿರು ಹೊಳೆಯಿತಲ್ಲ, ದೂಳಿರಬಹುದು, ಬಣ್ಣ ಗಂಟುಕಟ್ಟಿರಬಹುದು, ಸೂಕ್ಷ್ಮದರ್ಶಕದ ತಿರುಪನ್ನು ಅವಳು ಕೂದಲೆಳೆಯಷ್ಟು ತಿರುಗಿಸಿದಳು, ಮಸುಕು ಮಸುಕಾಗಿಯೇ ಉಳಿಯಲಿ ದೇವರೇ — ಉಳಿಯಲಿಲ್ಲ, ಅಂಚು ಚೂಪಾಯಿತು, ಹಸಿರಿನ ನಡುವೆ ನೀಲಿ ಕೋಶಕೇಂದ್ರ, ಪಕ್ಕಕ್ಕೆ ಇನ್ನೊಂದು, ಅದಕ್ಕಂಟಿಕೊಂಡು ಮತ್ತೊಂದು. ಈ ಬಣ್ಣಕ್ಕೆ ಬಿಳಿ ರಕ್ತಕಣವಾದರೆ ಕೆಂಪಗೆ ಕಾಣಬೇಕು, ಕ್ಯಾನ್ಸರ್ ಗಡ್ಡೆಯಿಂದ ಕಳಚಿಕೊಂಡು ಬಂದದ್ದು ಮಾತ್ರ ಹಸಿರು, ಬಣ್ಣ ಹಾಕಿದವಳು ಅವಳೇ, ಹೊಸಬರಿಗೆ ಇದನ್ನು ಕಲಿಸುವವಳೂ ಅವಳೇ, ಈಗ ಯಾರಾದರೂ ಬಂದು ಅಲ್ಲ ಡಾಕ್ಟ್ರೇ ನೀವು ಉಲ್ಟಾ ನೋಡ್ತಿದ್ದೀರಿ ಅನ್ನಬಾರದೇ. ರಕ್ತದ ಕೊಳವೆಯ ಮೇಲೆ ಹೆಸರಿಲ್ಲ, ಸಂಕೇತವಷ್ಟೇ, ಆದರೆ ಸೂಜಿ ಚುಚ್ಚಿದ್ದು ಇದೇ ಕೈ, ತಂಗಿ ತೋಳು ಚಾಚಿ ನಗುತ್ತಿದ್ದಳು, ತಗೋ ಅಕ್ಕ ತಗೋ, ಹುಟ್ಟಿದಾಗಿನಿಂದ ನನ್ನ ರಕ್ತ ಹೀರಿದವಳು ನೀನು, ಇವತ್ತೇನು ಹೊಸದಾಗಿ ಪರ್ಮಿಷನ್ ಕೇಳ್ತಿದ್ದೀಯ. ಚೂಟಿ, ಮನೆಯವರೆಲ್ಲ ಕರೆಯುವುದೇ ಹಾಗೆ, ಕೂತಲ್ಲಿ ಕೂರದವಳು, ಈಜು ಕಲಿಸುವವಳು, ಎಡ ಸ್ತನ ತೆಗೆಸಿಕೊಂಡ ಮೇಲೂ ಗಾಯ ಮಾಯುವುದನ್ನೇ ಕಾದು ನೀರಿಗಿಳಿದವಳು, ಮಕ್ಕಳು ಮಿಸ್ ಒಂದು ಕಡೆ ಯಾಕೆ ಸಪಾಟು ಅಂದರೆ ಜೋರಾಗಿ ಈಜೋಕೆ ಅಂತ ಭಾರ ಇಳಿಸಿದೆ ಕಣ್ರೋ ಅಂದವಳು. ಮೊನ್ನೆಯ ಸ್ಕ್ಯಾನ್ ಸ್ವಚ್ಛ, ಮೂಳೆ ಸ್ವಚ್ಛ, ಯಕೃತ್ತು ಸ್ವಚ್ಛ, ಅವಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರು ಕೈಕುಲುಕಿ ಇನ್ನು ಈ ಕಡೆ ತಲೆ ಹಾಕಬೇಡಿ ಎಂದಿದ್ದರು — ಸ್ಕ್ಯಾನಿಗೇನು ಗೊತ್ತು, ಅದಕ್ಕೆ ಕಾಣುವುದು ಮನೆ ಕಟ್ಟಿದವರು ಮಾತ್ರ, ದಾರಿಯಲ್ಲಿರುವವರು ಕಾಣುವುದಿಲ್ಲ.

ದಾರಿಯಲ್ಲಿ ಬಹುಪಾಲು ಸಾಯುತ್ತವೆ, ಅದು ಸುಳ್ಳಲ್ಲ, ತಾನೇ ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ, ರಕ್ತದ ಸೆಳೆತ ಅವನ್ನು ಹರಿದು ಹಾಕುತ್ತದೆ, ಕಾವಲು ಕಣಗಳು ನುಂಗುತ್ತವೆ, ಸಾವಿರದಲ್ಲಿ ಒಂದೂ ದಡ ಸೇರುವುದಿಲ್ಲ, ಆದರೆ ಒಂಟಿಯಾಗಿ ಹೋಗುವವುಗಳ ಮಾತು ಅದು, ಜೊತೆಗೂಡಿ ಹೋಗುವವು ಗಟ್ಟಿ, ಒಂದನ್ನೊಂದು ಕಾಯುತ್ತವೆ, ಸಣ್ಣ ರಕ್ತನಾಳದ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ, ಗೋಡೆ ತೂರಿ ಆಚೆ ಹೋಗುತ್ತವೆ, ಆಮೇಲೆ ಮೂಳೆಯ ಮೂಲೆಯಲ್ಲೆಲ್ಲೋ ವರ್ಷಗಟ್ಟಲೆ ಮಲಗಿರುತ್ತವೆ, ಅಥವಾ ಏಳುವುದೇ ಇಲ್ಲ, ಅಥವಾ — ಈ ಅಥವಾಗಳ ಮೇಲೆ ಪ್ರಬಂಧ ಬರೆಯಬಹುದು, ತಂಗಿಗೆ ಊಟ ಬಡಿಸಲಾಗುವುದಿಲ್ಲ. ಫೋನಿನಲ್ಲಿ ವಿಭಾಗದ ಹಿರಿಯರು ಅಂದದ್ದು, ನೋಡಮ್ಮ, ನಮ್ಮದಿನ್ನೂ ಸಂಶೋಧನೆ, ಇದರ ಮೇಲೆ ಚಿಕಿತ್ಸೆ ಶುರು ಮಾಡೋಕೆ ಬರಲ್ಲ, ಹೇಳಿದರೆ ಹೆದರಿಕೆ ಕೊಟ್ಟ ಹಾಗಾಗುತ್ತೆ, ಮದ್ದು ಕೊಟ್ಟ ಹಾಗಾಗಲ್ಲ, ನಿಯಮಾನೂ ಒಪ್ಪಲ್ಲ. ಅವರು ಹೇಳಿದ್ದು ಸರಿ, ಅದೇ ಸಂಕಟ, ತಪ್ಪಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೇಳದೆ ಇದ್ದರೆ? ಚೂಟಿ ನೀರಿಗಿಳಿಯುತ್ತಾಳೆ, ನಗುತ್ತಾಳೆ, ಸೊಂಟ ಹಿಡ್ಕೊಂಡಿದೆ ಕಣೆ ಅನ್ನುತ್ತಾಳೆ, ಆಗ ತಾನು ಎಣ್ಣೆ ಹಚ್ಚಿಕೋ ಅನ್ನಬೇಕೇ, ಪ್ರತಿ ಕೆಮ್ಮಿಗೂ ತಾನೊಬ್ಬಳೇ ಬೆಚ್ಚಿಬೀಳುತ್ತ, ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ.

ಬಾಗಿಲು ತಟ್ಟದೆ ಬರುವವಳು ಒಬ್ಬಳೇ, ಕ್ಲೋರಿನ್ನಿನ ವಾಸನೆ ಮೊದಲು ಬಂತು, ಆಮೇಲೆ ಒದ್ದೆ ಕೂದಲು, ಏನೇ ಅಕ್ಕ ಊಟಕ್ಕೆ ಬಾ ಅಂತ ಕರೆದು ಕರೆದು ಸಾಕಾಯ್ತು, ಫೋನ್ ಯಾಕೆ ಎತ್ತಲ್ಲ, ಇವಳು ಕನ್ನಡಕ ತೆಗೆದು ಒರೆಸಿದಳು, ಏನಿಲ್ಲ ಕಣೆ ಕೆಲಸ ಜಾಸ್ತಿ, ಮತ್ತೆ ಒರೆಸಿದಳು, ಚೂಟಿಯ ಕಣ್ಣು ಕನ್ನಡಕದ ಮೇಲೆ, ನೀನು ಸುಳ್ಳು ಹೇಳೋವಾಗೆಲ್ಲ ಅದನ್ನೇ ಒರೆಸ್ತೀಯ. ಚೂಟಿ ಸೂಕ್ಷ್ಮದರ್ಶಕದ ಕಡೆ ಕೈ ತೋರಿಸಿದಳು, ಅದು ನನ್ನ ರಕ್ತಾನಾ, ಹ್ಞೂಂ, ಅದರಲ್ಲಿ ಇದೆಯಾ, ಇದೆ. ಎರಡೇ ಅಕ್ಷರ ಬಾಯಿಂದ ಜಾರಿದ ಮೇಲೆ ಉಳಿದದ್ದೆಲ್ಲ ದಬದಬನೆ ಬಂತು, ಇದರಿಂದ ಏನೂ ಖಚಿತವಾಗಲ್ಲ ಚೂಟಿ, ಸಾಯಲೂಬಹುದು ಅವು, ಸಾಯೋದೇ ಹೆಚ್ಚು, ನಿನ್ನ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ, ಪರೀಕ್ಷೆ ಬೇಗ ಬೇಗ ಮಾಡಿಸೋಣ, ನಾನು ಹೇಳಬಾರದಿತ್ತು, ಹೇಳದೆ ಇರೋಕಾಗಲಿಲ್ಲ. ಚೂಟಿ ಸ್ಟೂಲಿನ ಮೇಲೆ ಕೂತಳು, ಕೂತಲ್ಲಿ ಕೂರದವಳು ಅಲ್ಲಾಡದೆ ಕೂತಳು, ಹೊರಗೆ ಹಾಕಿದ ಬಾಡಿಗೆಯವನು ಹಿತ್ತಿಲ ಬಾಗಿಲಿಂದ ಬಂದನಾ ಅಂದಳು, ನಗಲು ಹೋಗಿ ತುಟಿ ಒಂದು ಕಡೆಗೆ ಎಳೆಯಿತು. ಆಮೇಲೆ, ಒಳ್ಳೇದು ಮಾಡಿದೆ, ನೀನೊಬ್ಬಳೇ ಇಟ್ಟುಕೊಂಡಿದ್ದಿದ್ರೆ ನಿನ್ನನ್ನ ನೀರಲ್ಲಿ ಅದ್ದಿ ತೆಗೀತಿದ್ದೆ. ಆಮೇಲೆ, ತೋರಿಸು.

ಬೇಡ ಎನ್ನುವಷ್ಟರಲ್ಲಿ ಬಾಗಿದಳು, ಒದ್ದೆ ಕೂದಲನ್ನು ಒಂದು ಪಕ್ಕಕ್ಕೆ ತಳ್ಳಿ ಕಣ್ಣು ಇಟ್ಟಳು, ಇವೇನಾ, ಇಷ್ಟು ಚಂದ ಇವೆಯಲ್ಲೇ, ಹಸಿರಾ ನಿಜವಾಗ್ಲೂ, ಇಲ್ಲ ಕಣೆ ಬಣ್ಣ ನಾನು ಹಾಕಿದ್ದು, ಓಹೋ, ಅಕ್ಕನ ಕಣ್ಣಿಗೆ ಬಾಗಿದ ಕುತ್ತಿಗೆ ಮಾತ್ರ, ಕಿವಿಯ ಕೆಳಗೆ ಆ ನಾಡಿ ಎದ್ದು ಬೀಳುತ್ತಿದೆ, ಬೆರಳಿಟ್ಟು ತಡೆಯಬೇಕು ಅನ್ನಿಸುತ್ತದೆ, ಸ್ವಲ್ಪ ನಿಲ್ಲು, ಯಾರನ್ನು ಎಲ್ಲಿಗೆ ಹೊತ್ತೊಯ್ಯುತ್ತಿದ್ದೀಯ, ತಡೆದರೆ ತಂಗಿಯೇ ಇಲ್ಲ, ಬಿಟ್ಟರೆ — ಚೂಟಿ ಇನ್ನೂ ಕಣ್ಣು ತೆಗೆದಿಲ್ಲ, ಅಕ್ಕ ಇವು ಒಂದಕ್ಕೊಂದು ಅಂಟಿಕೊಂಡಿವೆ ಅಲ್ವಾ, ಹ್ಞೂಂ, ನಾಡಿ ಏಳುತ್ತದೆ, ಬೀಳುತ್ತದೆ, ಕೂದಲಿಂದ ಇಳಿದ ಒಂದು ಹನಿ ಅದರ ಮೇಲೆ ಕೂತು ಅದರ ಜೊತೆಗೇ ನಡುಗುತ್ತದೆ, ಏಳುತ್ತದೆ, ಬೀಳುತ್ತದೆ, ಕಿವಿಯ ಕೆಳಗಿನ ಆ ನಾಡಿ, ಆ ನಾಡಿ