ನಕ್ಷೆಯಲ್ಲಿ ಸ್ಟೋರು ಎಂದಿದ್ದ ರೂಮು

ಸುಟ್ಟ ಕೂದಲಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಅವನಿಗೆ ಅದು ಹತ್ತಿದ್ದು ಒಂಬತ್ತನೆಯ ವಯಸ್ಸಿನಲ್ಲಿ. ಐವತ್ತಾರಾದರೂ ಬಿಟ್ಟಿರಲಿಲ್ಲ.

ಆಗ ಒಂದೇ ಕೋಣೆಯ ಮನೆ. ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಸೀಮೆಎಣ್ಣೆ ಬುಡ್ಡಿಯನ್ನು ನೆಲದ ಮೇಲಿಟ್ಟರೆ ಅವನ ತಲೆಯ ನೆರಳು ಅವನ ಪುಸ್ತಕದ ಮೇಲೆಯೇ ಬೀಳುತ್ತಿತ್ತು. ಅದಕ್ಕೆ ಅಕ್ಕ ಬುಡ್ಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ಕೂರುತ್ತಿದ್ದಳು. ಅವಳಿಗಾಗ ಹದಿನೈದು. ಕೈ ಸೋತರೆ ಬಲಗೈಯಿಂದ ಎಡಗೈಗೆ ಬದಲಿಸುತ್ತಿದ್ದಳು, ಬೆಳಕು ಮಾತ್ರ ಅಲುಗುತ್ತಿರಲಿಲ್ಲ. ಇಡೀ ಮಧ್ಯಾಹ್ನ ಆಡಿ ದಣಿದಿದ್ದ ಅವನು ಒಂದು ಸಂಜೆ ಲೆಕ್ಕ ಮಾಡುತ್ತಲೇ ತೂಕಡಿಸಿದ. ಮೊಣಕೈ ಅವಳ ಕೈಗೆ ಬಡಿಯಿತು. ಚರ್ ಎಂದು ಸದ್ದಾಯಿತು, ಅಕ್ಕನ ಮುಂಗೂದಲು ಮುದುಡಿ ಹೋಯಿತು.

"ಏನದು ವಾಸನೆ?" ಎಂದು ಅಪ್ಪ ಹೊರಗಿನಿಂದ ಕೂಗಿದರು.

"ನಾನೇ ಅಪ್ಪ, ತೂಕಡಿಸಿಬಿಟ್ಟೆ" ಎಂದಳು ಅಕ್ಕ.

ಅಪ್ಪ ಒಳಬಂದು ಅವಳಿಗೆ ಬೈದರು. ಹುಡುಗಿಗೆ ಮೈಮೇಲೆ ಎಚ್ಚರವಿಲ್ಲ ಎಂದರು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಂದು ಅವನಷ್ಟು ಗಮನವಿಟ್ಟು ಲೆಕ್ಕ ಮಾಡಿದ ಹುಡುಗ ಇಡೀ ಬೀದಿಯಲ್ಲಿ ಇರಲಿಲ್ಲ.

ಅದೇ ಗಮನದಿಂದ ಓದಿ ಮುಂದೆ ಅವನು ನಕ್ಷೆ ಬರೆಯುವವನಾದ. ಆಫೀಸಿನಲ್ಲಿ ಅವನ ಅಡ್ಡಹೆಸರು ಸ್ಕೇಲು. ಊಟದ ಡಬ್ಬಿಯನ್ನೂ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಡುತ್ತಾನೆ ಎಂದು ಗೆಳೆಯರು ನಗುತ್ತಿದ್ದರು. ಯಾವ ಕೆಲಸಕ್ಕೂ ಅವನು ಅಳೆದೂ ಸುರಿದೂ ಕೈ ಹಚ್ಚುವವನು. ಮನೆಯ ತಾರಸಿಗೆ ಸೋಲಾರ್ ಹಲಗೆ, ಕೆಳಗೆ ಇನ್ವರ್ಟರ್, ಬ್ಯಾಟರಿ ಹಾಕಿಸಬೇಕೆಂದು ಹೆಂಡತಿ ಹೇಳಿ ಎರಡು ವರ್ಷವಾದ ಮೇಲೆ ಅವನು ಹೂಂ ಎಂದ. ಹೂಂ ಎಂದ ದಿನವೇ ಕಪಾಟಿನ ಮೇಲಿನಿಂದ ಉದ್ದನೆಯ ಕೊಳವೆ ಇಳಿಸಿ, ಹದಿನೆಂಟು ವರ್ಷದ ಹಿಂದೆ ತಾನೇ ಬರೆದಿದ್ದ ಮನೆಯ ನಕ್ಷೆಯನ್ನು ಬಿಚ್ಚಿದ. ಅದರ ಪ್ರತಿ ತೆಗೆಸಿ, ಕರೆಂಟು ಹೋದಾಗ ಎಲ್ಲೆಲ್ಲಿ ದೀಪ, ಫ್ಯಾನು ನಡೆಯಬೇಕೋ ಅಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಟ್ಟ. ಹಾಲ್, ಅಡುಗೆಮನೆ, ಎರಡು ಮಲಗುವ ಕೋಣೆ, ಮೆಟ್ಟಿಲು, ಗೇಟಿನ ದೀಪ. ಹಾಲಿನಲ್ಲಿ ಮಗಳು ಸಾಕಿದ್ದ ಮೀನಿನ ತೊಟ್ಟಿಗೂ ಒಂದು ಚುಕ್ಕೆ, ನೀರಿಗೆ ಗಾಳಿ ಊದುವ ಯಂತ್ರ ನಿಲ್ಲಬಾರದಲ್ಲ. ಎಲ್ಲದರ ವ್ಯಾಟು ಕೂಡಿಸಿ ಮೂಲೆಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ.

ಹಿಂದಿನ ಕೋಣೆಯ ಮೇಲೆ ಅವನದೇ ಮುದ್ದಾದ ಅಕ್ಷರದಲ್ಲಿ 'ಸ್ಟೋರು' ಎಂದಿತ್ತು. ಅಲ್ಲಿ ಚುಕ್ಕೆ ಬೀಳಲಿಲ್ಲ.

ಆ ಕೋಣೆಯಲ್ಲಿ ಅಕ್ಕ ಇದ್ದಳು. ನಾಲ್ಕು ವರ್ಷದ ಹಿಂದೆ, ಅವಳು ಬಾಡಿಗೆಗಿದ್ದ ಕಟ್ಟಡ ಕೆಡವಿದಾಗ, ಬೇರೆ ಮನೆ ಸಿಗುವವರೆಗೆ ಎಂದು ಬಂದವಳು. ಸ್ಟೋರಿನಲ್ಲಿ ಮಡಚುವ ಮಂಚ ಹಾಕಿದ್ದರು. ಆಮೇಲೆ ಬೇರೆ ಮನೆಯ ಮಾತು ಯಾರೂ ಎತ್ತಲಿಲ್ಲ. ಬಣ್ಣದ ಡಬ್ಬಿಗಳನ್ನೂ ಏಣಿಯನ್ನೂ ಅಲ್ಲಿಂದ ತೆಗೆಯುವ ಮಾತನ್ನೂ ಯಾರೂ ಎತ್ತಲಿಲ್ಲ. ಅಕ್ಕ ಏಣಿಯ ಮೆಟ್ಟಿಲಿಗೆ ಬಟ್ಟೆ ನೇತುಹಾಕಿಕೊಂಡಳು, ಬಣ್ಣದ ಡಬ್ಬಿಯ ಮೇಲೆ ಕನ್ನಡಕ ಇಟ್ಟಳು. ದರ್ಜಿ ಅಂಗಡಿಯವರು ಕಳಿಸುವ ಅಂಗಿಗಳಿಗೆ ಸಂಜೆಯಿಡೀ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವಷ್ಟು ತೂತಿನ ಸುತ್ತ ಕೈಯಿಂದ ಹಾಕುವ ಆ ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ದರ್ಜಿ ಹೇಳುತ್ತಿದ್ದ. ಹಾಗೆ ಕಾಜಾ ಹೊಲಿದೇ ಅವಳು ತಮ್ಮನನ್ನು ನಕ್ಷೆ ಕಲಿಯಲು ಕಳಿಸಿದ್ದು.

ವೈರಿಂಗ್ ಮೇಸ್ತ್ರಿ ದಪ್ಪಗಿನ, ಮಾತಿನ ಮನುಷ್ಯ. ತಾರಸಿಯಲ್ಲಿ ಬಿಸಿಲಿಗೆ ಮುಖ ಮಾಡಿ ಹಲಗೆಗಳನ್ನು ಓರೆಯಾಗಿ ಕೂರಿಸಿದ. ಮೆಟ್ಟಿಲ ಕೆಳಗೆ ಎರಡು ಬ್ಯಾಟರಿ ಇಳಿಸಿ, ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದ.

"ಇವಕ್ಕೆ ನೀರು ಕುಡಿಸೋದು ಮರೀಬೇಡಿ ಸಾರ್. ನಲ್ಲಿ ನೀರಲ್ಲ, ಬಾಟಲಿಯಲ್ಲಿ ಬರೋ ಶುದ್ಧ ನೀರು. ಬಾಯಿಲ್ಲದ ಜೀವ, ಬಾಯಾರಿದೆ ಅಂತ ಹೇಳಲ್ಲ. ಒಂದಿನ ಸುಮ್ಮನೆ ಕೈ ಕೊಡ್ತವೆ."

ಅವನು ಮೊಣಕಾಲೂರಿ ಬ್ಯಾಟರಿಗೂ ಗೋಡೆಗೂ ನಡುವಿನ ಅಂತರ ಅಳೆಯುತ್ತಿದ್ದ. ಮೇಸ್ತ್ರಿ ವೈರಿನ ಸುರುಳಿ ಹೊತ್ತು ಹಿಂದಕ್ಕೆ ಹೋಗಿ ಅಲ್ಲಿಂದಲೇ ಕೇಳಿದ.

"ಸಾರ್, ಹಿಂದಿನ ರೂಮಿಗೆ ಪಾಯಿಂಟ್ ಬೇಡ್ವಾ?"

"ನಕ್ಷೆ ನೋಡಿ ಮೇಸ್ತ್ರಿ. ಅದು ಸ್ಟೋರು."

"ಸ್ಟೋರಾ?"

"ಸ್ಟೋರೇ. ಎಲ್ಲಾ ಅದ್ರಲ್ಲೇ ಬರೆದಿದೀನಲ್ಲ."

ತಲೆ ಎತ್ತಿದಾಗ ಪಕ್ಕದ ಸ್ಟೂಲಿನ ಮೇಲೆ ಚಹಾ ಇತ್ತು. ಆರದಿರಲೆಂದು ಲೋಟದ ಮೇಲೆ ಬಸಿ ಮುಚ್ಚಿತ್ತು. ಯಾರು ತಂದಿಟ್ಟರು, ಯಾವಾಗ ತಂದಿಟ್ಟರು ಎಂದು ಅವನು ಯೋಚಿಸಲಿಲ್ಲ. ಕುಡಿದ.

ಮೂರನೆಯ ದಿನ ಸಂಜೆ ಏಳಕ್ಕೆ ಕರೆಂಟು ಹೋಯಿತು. ಬೀದಿಯೆಲ್ಲ ಕಪ್ಪಾಯಿತು. ಅವನ ಮನೆಯಲ್ಲಿ ದೀಪಗಳು ಒಮ್ಮೆ ಕಣ್ಣು ಮಿಟುಕಿಸಿ ಹಾಗೆಯೇ ಉರಿದವು. ಎದುರುಮನೆಯ ನಿವೃತ್ತ ಮೇಷ್ಟ್ರು ಟಾರ್ಚ್ ಹಿಡಿದು ನೋಡಲು ಬಂದರು. ಅವನು ಹಾಲಿನ ಗೋಡೆಗೆ ಅಂಟಿಸಿದ್ದ ನಕ್ಷೆಯನ್ನು ತೋರಿಸಿ ಒಂದೊಂದೇ ಚುಕ್ಕೆ ವಿವರಿಸಿದ.

"ಭೇಷ್. ಮೀನಿನ ತೊಟ್ಟಿಗೂ ಕೊಟ್ಟಿದೀರಲ್ಲ. ನಿಮ್ಮ ಮನೆಯಲ್ಲಿ ಮೀನಾಗಿ ಹುಟ್ಟಬೇಕಿತ್ತು ನಾನು. ನಮ್ಮನೆಗೂ ಇಂಥದ್ದೇ ಒಂದು ಬರ್ಕೊಡಿ" ಎಂದರು ಮೇಷ್ಟ್ರು.

ಅವನು ನಕ್ಕ. ಆಗಲೇ ಕಾಲೇಜಿನ ಮಗಳು ಅಡುಗೆಮನೆಯಿಂದ ಬಂದಳು.

"ಅಪ್ಪಾ, ಅತ್ತೆ ರೂಮು ಯಾಕೆ ಕತ್ತಲು?"

ನಕ್ಷೆಯ ಮೇಲಿದ್ದ ಅವನ ಬೆರಳು ಅಲ್ಲೇ ನಿಂತಿತು. ಹೆಂಡತಿ ನೋಡುತ್ತಿದ್ದಳು. ಮೇಷ್ಟ್ರು ನೋಡುತ್ತಿದ್ದರು. ಗೋಡೆಯ ಮೇಲೆ, ಅವನ ಉಗುರಿನ ಪಕ್ಕದಲ್ಲಿಯೇ, ಆ ಎರಡಕ್ಷರದ ಮಾತು. ಮರೆತೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತೂ ಅವನು ಕಾಯಲಿಲ್ಲ.

"ಅಕ್ಕಾನೇ ಬೇಡ ಅಂದ್ಲು" ಎಂದ.

ಹೇಳಿದ ಮೇಲೆ ಕಂಡಿತು. ಹಿಂದಿನ ಕೋಣೆಗೆ ಹೋಗುವ ಓಣಿಯ ಕತ್ತಲಲ್ಲಿ, ಹಾಲಿನ ಬೆಳಕು ಮುಗಿಯುವ ಗೆರೆಯ ಆಚೆ, ಅಕ್ಕ ನಿಂತಿದ್ದಳು. ಕೈಯಲ್ಲಿ ಅರ್ಧ ಹೊಲಿದ ಅಂಗಿ ಇತ್ತು. ಬೆಳಕಿಗಾಗಿ ಹಾಲಿಗೆ ಬರುತ್ತಿದ್ದಳೇನೋ.

"ಹೂಂ ಕಣೇ, ನಾನೇ ಬೇಡ ಅಂದೆ. ಕಣ್ಣಿಗೂ ಒಂಚೂರು ರಜ ಬೇಕಲ್ಲ" ಎಂದಳು. ಅಂಗಿಯನ್ನು ಮಡಚುತ್ತ ವಾಪಸು ಹೋದಳು.

ಮೇಷ್ಟ್ರು ಇನ್ನೂ ಏನೋ ಕೇಳುತ್ತಿದ್ದರು. ಅವನ ಮೂಗಿನಲ್ಲಿ ಸುಟ್ಟ ಕೂದಲಿನ ವಾಸನೆ ತುಂಬಿತ್ತು. ಬ್ಯಾಟರಿಯೇನಾದರೂ ಬಿಸಿಯಾಗಿದೆಯೇ ಎಂದು ಮೆಟ್ಟಿಲ ಕೆಳಗೆ ಬಗ್ಗಿ ಮುಟ್ಟಿಯೂ ನೋಡಿದ. ತಣ್ಣಗಿತ್ತು.

ಮೇಷ್ಟ್ರು ಹೋದ ಮೇಲೆ ಅವನು ಹಿಂದಕ್ಕೆ ಹೋದ. ಬಾಗಿಲು ತೆರೆದೇ ಇತ್ತು. ಏಣಿಯ ಮೂರನೆಯ ಮೆಟ್ಟಿಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಒಂದು ಪುಟ್ಟ ಟಾರ್ಚ್ ಕಟ್ಟಿದ್ದಳು. ಅದರ ಬೆಳಕು ಸರಿಯಾಗಿ ದಿಂಬಿನ ಮೇಲೆ ಬೀಳುತ್ತಿತ್ತು. ಅಕ್ಕ ಮಂಚದ ಮೇಲೆ ಕೈಕಟ್ಟಿ ಕೂತಿದ್ದಳು. ಆ ಬೆಳಕು ಕಾಜಾ ಹೊಲಿಯಲು ಸಾಲದು ಎಂದು ಅವನಿಗೂ ಗೊತ್ತಾಯಿತು.

"ಟಾರ್ಚ್ ಯಾವಾಗ ತಂದೆ?" ಎಂದ.

"ಮೊನ್ನೆ."

ಮೊನ್ನೆ ಎಂದರೆ ಮೇಸ್ತ್ರಿ ಕೆಲಸ ಮಾಡಿದ ದಿನ. ಅದನ್ನು ಅವನು ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿದ. ಲೆಕ್ಕದಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

"ಅಕ್ಕ..."

"ಹೋಗು, ಊಟ ಆರುತ್ತೆ" ಎಂದಳು.

ಬೆಳಿಗ್ಗೆ ಅವನು ಆಫೀಸಿಗೆ ರಜೆ ಹೇಳಿ ಮೇಸ್ತ್ರಿಗೆ ಫೋನು ಮಾಡಿದ. ಹಿಂದಿನ ಕೋಣೆಗೆ ಒಂದು ದೀಪ, ಒಂದು ಫ್ಯಾನು ಕೊಡಬೇಕು, ಲೋಡು ಹೆಚ್ಚಾಗುತ್ತದೆ, ಗೇಟಿನ ದೀಪ ತೆಗೆದುಬಿಡಿ, ಗೋಡೆ ಮತ್ತೆ ಒಡೆಯಬೇಕಾದರೆ ಒಡೆಯಿರಿ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ.

ಮೇಸ್ತ್ರಿ "ಬಂದೆ ಸಾರ್" ಎಂದು ಎರಡೇ ಮಾತಿನಲ್ಲಿ ಫೋನು ಇಟ್ಟ. ಅವನ ಮಟ್ಟಿಗೆ ಅದು ದೊಡ್ಡ ವಿಷಯ.

ಹತ್ತು ಗಂಟೆಗೆ ಬಂದ. ಹಿಂದಿನ ಕೋಣೆಯ ಸ್ವಿಚ್ಚಿನ ಡಬ್ಬಿ ಬಿಚ್ಚಿ, ಒಳಗಿನಿಂದ ಸುರುಳಿ ಮಾಡಿಟ್ಟಿದ್ದ ಹೊಸ ವೈರನ್ನು ಹೊರಗೆಳೆದ. ಅದರ ತುದಿಗೆ ನೀಟಾಗಿ ಟೇಪು ಸುತ್ತಿತ್ತು.

"ಇದೇನು ಮೇಸ್ತ್ರಿ?"

"ಅವತ್ತೇ ಎಳೆದಿಟ್ಟಿದ್ದೆ ಸಾರ್. ಕನೆಕ್ಷನ್ ಕೊಡಲಿಲ್ಲ ಅಷ್ಟೇ. ಯಜಮಾನರು ಬೇಡ ಅಂದ್ಮೇಲೆ ನಾನು ಹೇಗೆ ಕೊಡಲಿ? ಆದ್ರೆ ಮಂಚ ಇತ್ತಲ್ಲ, ಕನ್ನಡಕ ಇತ್ತಲ್ಲ. ಯಾವತ್ತಾದ್ರೂ ಕರೀತಾರೆ ಅಂತ ಅಂದ್ಕೊಂಡೆ."

"ನನಗೆ ಹೇಳಬಾರದಿತ್ತಾ?"

ಮೇಸ್ತ್ರಿ ಓಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಕೇಳಿದ್ನಲ್ಲ ಸಾರ್, ಎರಡು ಸಲ. ನೀವು ಅಳೀತಾ ಇದ್ರಿ. ನಾನು ವಾಪಸ್ ಬಂದು ನೋಡಿದ್ರೆ ಈ ರೂಮಿನ ಅಮ್ಮಾವ್ರು ನಿಮ್ಮ ಹಿಂದೇನೇ ನಿಂತಿದ್ರು, ಚಹಾ ಹಿಡ್ಕೊಂಡು. ಅವರ ಮುಂದೆ ಮೂರನೇ ಸಲ ಹೇಗೆ ಕೇಳಲಿ? ನನಗೂ ಒಂದು ಲೋಟ ತಂದಿದ್ರು. ಏನೂ ಆಗದವರ ಹಾಗೆ, ಸಕ್ಕರೆ ಸಾಕಾ ಅಂದ್ರು."

ಅವನಿಗೆ ಆ ಚಹಾ ನೆನಪಾಯಿತು. ಬಸಿ ತೆಗೆದಾಗ ಹಬೆ ಬಂದಿತ್ತು.

"ಬೇಜಾರು ಮಾಡ್ಕೋಬೇಡಿ. ನಮ್ಮ ಕಸುಬಲ್ಲಿ ಇದು ಇದ್ದದ್ದೇ, ದೀಪದ ಬುಡಕ್ಕೇ ಕತ್ತಲು" ಎಂದ ಮೇಸ್ತ್ರಿ. "ಗೇಟಿನ ದೀಪಾನೂ ಇರಲಿ ಬಿಡಿ. ಒಂದು ದೀಪ ಒಂದು ಫ್ಯಾನಿಗೆಲ್ಲ ಇನ್ವರ್ಟರ್ ಸಾಯಲ್ಲ."

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಪರೀಕ್ಷೆಗೆಂದು ಮೇಸ್ತ್ರಿ ಮೇನ್ ಸ್ವಿಚ್ಚು ಇಳಿಸಿದ. ಹಿಂದಿನ ಕೋಣೆಯ ದೀಪ ಉರಿಯುತ್ತಲೇ ಇತ್ತು. ಮಗಳು ಬಂದು ನೋಡಿದಳು, ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಯಾಕಕ್ಕ, ಬೇಡ ಅಂದೆ ಅಂತಿದ್ರಲ್ಲ ನಿನ್ನೆ, ಇವತ್ತು ಬೇಕು ಅನ್ನಿಸ್ತಾ?" ಎಂದಳು ಹೆಂಡತಿ.

ಮಂಚದ ಅಂಚಿನಲ್ಲಿ ಕೂತಿದ್ದ ಅಕ್ಕ ತಮ್ಮನ ಮುಖ ನೋಡಿದಳು. ಒಂದು ಕ್ಷಣ ಅಷ್ಟೇ. ಅವನಿಗೆ ಗೊತ್ತಿತ್ತು, ಅವಳು ಹೂಂ ಎನ್ನುತ್ತಾಳೆ. ಮನಸ್ಸು ಬದಲಾಯಿತು ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ಮುದುಕರ ಚಪಲ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅವನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವನಿಗೆ ಹೊಸದೇನಲ್ಲ.

"ಹೂಂ, ಯಾಕೋ ರಾತ್ರಿ..." ಎಂದು ಅಕ್ಕ ಶುರು ಮಾಡಿದಳು.

"ಅವಳು ಬೇಡ ಅಂದಿರಲಿಲ್ಲ" ಎಂದ ಅವನು.

ಮೇಸ್ತ್ರಿ ಸ್ಕ್ರೂಗಳನ್ನು ಆಯುವ ನೆಪದಲ್ಲಿ ಬಗ್ಗಿದ.

"ನಾನು ಕೇಳಲೇ ಇಲ್ಲ. ಚುಕ್ಕೆ ಇಡುವಾಗ ಮರೆತೆ. ಮೇಸ್ತ್ರಿ ಕೇಳಿದಾಗ ಇದು ಸ್ಟೋರು ಅಂದೆ. ಇವಳು ಬೆನ್ನ ಹಿಂದೇನೇ ನಿಂತಿದ್ಲು. ನಿನ್ನೆ ಸುಳ್ಳು ಹೇಳಿದೆ."

ಮಗಳು ಅವನನ್ನು ನೋಡಿದ ರೀತಿ ಅವನಿಗೆ ತಡೆಯಲಾಗಲಿಲ್ಲ. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಕೋಣೆಯನ್ನು ಸುತ್ತ ನೋಡಿದಳು. ಏಣಿ, ಅದರ ಮೇಲಿನ ಬಟ್ಟೆ, ಬಣ್ಣದ ಡಬ್ಬಿಗಳು. ತಾನೂ ನಾಲ್ಕು ವರ್ಷದಿಂದ ನೋಡಿದ್ದನ್ನು ಮೊದಲ ಸಲ ನೋಡುತ್ತಿದ್ದಳು. ಹೆಂಡತಿ ಕೈ ಒರೆಸುವುದನ್ನು ನಿಲ್ಲಿಸಿದ್ದಳು. "ನನಗೂ ಹೊಳೀಲಿಲ್ಲ ನೋಡಿ" ಎಂದಳು, ಮೆಲ್ಲಗೆ.

"ಹೋಗಲಿ ಬಿಡೋ. ಏನು ಮಹಾ" ಎಂದಳು ಅಕ್ಕ.

"ಬಿಡಬೇಡ ಅಕ್ಕ. ಅವತ್ತು ಬುಡ್ಡಿಗೆ ಕೈ ತಾಗಿಸಿದ್ದೂ ನಾನೇ. ಅಪ್ಪನಿಗೆ ಹೇಳಲಿಲ್ಲ."

ಅಕ್ಕ ನೆಟ್ಟಗೆ ಕೂತಳು. ಕೈ ತಾನಾಗಿ ಹಣೆಯ ಮೇಲಿನ ನರೆಗೂದಲಿಗೆ ಹೋಯಿತು. "ಅದಿನ್ನೂ ನೆನಪಿದೆಯಾ ನಿನಗೆ?" ಎಂದಳು. ಇಲ್ಲ, ನೀನಲ್ಲ ಎಂದು ಮಾತ್ರ ಅನ್ನಲಿಲ್ಲ.

ಮಧ್ಯಾಹ್ನವೆಲ್ಲ ಅವನು ಬಣ್ಣದ ಡಬ್ಬಿಗಳನ್ನು ತಾರಸಿಗೆ ಹೊತ್ತ. ಏಣಿಯಿಂದ ಬಟ್ಟೆಗಳನ್ನು ಒಂದೊಂದಾಗಿ ಇಳಿಸುವಾಗ ಅಕ್ಕ, "ಕಪಾಟು ಕಿತ್ಕೊಂಡು ಹೋಗ್ತಿದೀಯಲ್ಲೋ, ಇನ್ನು ಬಟ್ಟೆ ನಿನ್ನ ತಲೆ ಮೇಲೆ ಹಾಕ್ಲಾ?" ಎಂದಳು. ಮಗಳು ನಕ್ಕು ತನ್ನ ಕಪಾಟಿನ ಅರ್ಧ ಖಾಲಿ ಮಾಡಲು ಹೋದಳು. ಅವನಿಗೆ ನಗು ಬರಲಿಲ್ಲ. ಗೋಡೆಯ ಮೇಲಿನ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿ, ಬ್ಲೇಡಿನಿಂದ 'ಸ್ಟೋರು' ಎಂಬುದನ್ನು ಕೆರೆದ. ಕೆರೆದಲ್ಲಿ ಕಾಗದ ತೂತಾಯಿತು. ಮೂವತ್ತು ವರ್ಷದ ಕೆಲಸದಲ್ಲಿ ಅವನ ಕೈಯಿಂದ ಕಾಗದ ತೂತಾದದ್ದು ಅದೇ ಮೊದಲು.

ಸಂಜೆ ಏಳಕ್ಕೆ ಕರೆಂಟು ಹೋಯಿತು. ಹೆಂಡತಿ ಊಟಕ್ಕೆ ಕರೆದಳು. ಅವನು ಹಸಿವಿಲ್ಲ ಎಂದು ಮೆಟ್ಟಿಲ ಮೇಲೆ ಕೂತೇ ಇದ್ದ. ಮೇಜಿನ ಮುಂದೆ ಕೂತು ಆ ಮೂವರ ಮುಖ ನೋಡುವುದು ಅವನಿಂದ ಆಗುವಂತಿರಲಿಲ್ಲ. ಕಾಲ ಕೆಳಗೆ ಇನ್ವರ್ಟರ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಓಣಿಯ ತುದಿಯಲ್ಲಿ, ತೆರೆದ ಬಾಗಿಲಿನಿಂದ, ಬೆಳಕಿನ ಒಂದು ಚೌಕ ನೆಲದ ಮೇಲೆ ಬಿದ್ದಿತ್ತು. ಅಕ್ಕನ ಕೈಯ ನೆರಳು ಅದರಲ್ಲಿ ಏಳುತ್ತ ಇಳಿಯುತ್ತ ಇತ್ತು.

ಸ್ವಲ್ಪ ಹೊತ್ತಿಗೆ ನೆರಳು ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಆಮೇಲೆ ಅಕ್ಕ ಬಂದಳು. ತಟ್ಟೆಯನ್ನು ಅವನ ಎರಡೂ ಕೈಗೆ ಕೊಟ್ಟು, ಬಿಡುವ ಮುಂಚೆ ಅವನು ಸರಿಯಾಗಿ ಹಿಡಿದನೇ ಎಂದು ನೋಡಿ, ಹೊಲಿಗೆಗೆ ಹಿಂತಿರುಗಿದಳು.

ಊಟ ಬಿಸಿಯಾಗಿತ್ತು. ಅವನಿಗೆ ಚಿಕ್ಕಂದಿನಿಂದ ಸೇರದ ಈರುಳ್ಳಿ ಚೂರುಗಳನ್ನು ಅಕ್ಕ ಒಂದೂ ಬಿಡದೆ ಆರಿಸಿ ತೆಗೆದಿದ್ದಳು.